ಮೊದಲ ಫೋಟೋ

ಚಳ್ಳಕೆರೆ
12 ಫೆಬ್ರವರಿ 2024

...ಹಾಗಂತ ನಾನು ಬೇಡ ಅಂದೆನೇ, ನಿರ್ಮಲಾ? ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ಬಳ್ಳಾರಿ ಬಸ್ಸು ಹೊರಟೇಬಿಟ್ಟಿತು. ನೀನು ಕಿಟಕಿಯಿಂದ ಏನೋ ಕೂಗಿದೆ, ಅದು ನನ್ನ ಎಡಗಿವಿಯ ಕಡೆಗೆ ಬಿತ್ತು, ಹೋಯಿತು. ಎದುರಿಗೆ ಕೂತರೆ ಬಲಗಿವಿ ಇನ್ನೂ ಕೆಲಸ ಮಾಡುತ್ತದೆ, ಫೋನಿನಲ್ಲಿ ಮಾತ್ರ ಬರೀ ಗುಂಯ್. ಮೊಬೈಲಿನಲ್ಲಿ ಟೈಪು ಮಾಡೋಣವೆಂದರೆ ಒಂದಕ್ಷರ ಒತ್ತಿದರೆ ಎರಡು ಬರುತ್ತವೆ. ಅದಕ್ಕೇ ಈ ಕಾಗದ. ನಲವತ್ತೈದು ವರ್ಷದ ಹಿಂದೆ ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಹೇಳುವುದಾದರೆ, ಡೋಂಟ್ ಮಿಸ್ಟೇಕ್ ಮಿ.

ಮೂವತ್ತಮೂರು ವರ್ಷದ ಮಗಳು, ಆಸ್ಪತ್ರೆಯಲ್ಲಿ ಇಡೀ ವಾರ್ಡು ನೋಡಿಕೊಳ್ಳುವ ನರ್ಸು, ಬಸ್ಸು ಹತ್ತುವ ಎರಡು ನಿಮಿಷ ಮುಂಚೆ "ಅಪ್ಪ, ನನಗೊಬ್ಬರು ಸಿಕ್ಕಿದಾರೆ, ಗೋವರ್ಧನ್ ಅಂತ, ಡೇಟಿಂಗ್ ಆ್ಯಪ್‌ನಲ್ಲಿ" ಅಂದರೆ ಯಾವ ಅಪ್ಪನಿಗಾದರೂ ಸ್ವಲ್ಪ ಟೈಮು ಬೇಕು. ಮನೆಗೆ ಬಂದು ಬೋರಣ್ಣನಿಗೆ ಹೇಳಿದೆ. ನಿನಗೆ ಗೊತ್ತಲ್ಲ, ಮಾರುಕಟ್ಟೆ ಯಾರ್ಡಿನಲ್ಲಿ ಚೀಲ ಹೊತ್ತೂ ಹೊತ್ತೂ ಬೆನ್ನು ಬಾಗಿದ್ದರೂ ನಾಲಿಗೆ ಬಾಗಿಲ್ಲ ಅವನಿಗೆ. "ಎಂಥ ಕಾಲ ಬಂತಲೇ ರುದ್ರ! ಅಂಗೈಯಾಗೆ ಗಂಡು ಸಿಗ್ತಾವಂತೆ. ನಮ್ಮ ಕಾಲದಾಗೆ ಇದ್ದಿದ್ರೆ ನಾನೂ ಇನ್ನೊಂದು ನೋಡ್ತಿದ್ದೆ" ಅಂದ. "ಇರೋ ಒಬ್ಬಾಕೆಗೇ ಹೆದರಿ ಸಾಯ್ತೀಯ, ಸುಮ್ನಿರಲೇ" ಅಂದೆ.

ಆಮೇಲೆ ಅವನ ಮೊಮ್ಮಗಳು ಶೃತಿ ಅದು ಹೇಗೆ ನಡೆಯುತ್ತದೆಂದು ಬಿಡಿಸಿ ಹೇಳಿದಳು. ಫೋಟೋ ಬರುತ್ತದೆ, ಬೇಕಾದರೆ ಹೆಬ್ಬೆರಳು ಬಲಕ್ಕೆ, ಬೇಡವಾದರೆ ಎಡಕ್ಕೆ. ಇಬ್ಬರೂ ಬೇಕು ಅಂದರೆ ಮಾತ್ರ ಮಾತಿಗೆ ಬಾಗಿಲು ತೆರೆಯುತ್ತದೆ. ಬೇಡ ಅಂದರೆ? "ಅವ್ರಿಗೆ ಗೊತ್ತೇ ಆಗಲ್ಲ ತಾತ" ಅಂದಳು. ಅಲ್ಲಿಗೆ ನಾನು ಎದ್ದು ಹೋಗಿ ಒಂದು ಲೋಟ ನೀರು ಕುಡಿದೆ. ಬೇಡ ಅನ್ನಿಸಿಕೊಂಡದ್ದು ಯಾರಿಗೂ ಗೊತ್ತಾಗುವುದಿಲ್ಲವಂತೆ! ನಿನ್ನನ್ನು ನೋಡಲು ಹನ್ನೊಂದು ಸಲ ಬಂದರು. ಹನ್ನೊಂದು ಸಲ ಉಪ್ಪಿಟ್ಟು, ಕೇಸರಿಬಾತು. ಬೇಡ ಎಂಬ ಸುದ್ದಿ ಪ್ರತಿ ಸಲವೂ ನಮಗಿಂತ ಮೊದಲು ಬೀದಿಗೆ ಗೊತ್ತಾಗಿರುತ್ತಿತ್ತು. ಈ ಯಂತ್ರವನ್ನು ಕಂಡುಹಿಡಿದವರು ಯಾರೋ, ಎಂದೋ ಹತ್ತು ಜನರ ಮುಂದೆ ಬೇಡ ಅನ್ನಿಸಿಕೊಂಡವರೇ ಇರಬೇಕು.

ಆದರೂ ಒಂದು ಅಳುಕು. ನಾನು ಮಾರುಕಟ್ಟೆ ಯಾರ್ಡಿನಲ್ಲಿ ಮೂವತ್ತೊಂದು ವರ್ಷ ಶೇಂಗಾ ಹರಾಜು ನಡೆಸಿದವನು. ಚೀಲದ ಬಾಯಲ್ಲಿ ಗಟ್ಟಿ ಕಾಯಿ, ಮೊಣಕೈವರೆಗೆ ಕೈ ಹಾಕಿದರೆ ಜೊಳ್ಳು, ಬೂಜು. ಎಲ್ಲರೂ ಹಾಗೇ ತುಂಬುತ್ತಾರೆ. ಅದಕ್ಕೇ ನಾನು ಒಂದು ನಿಯಮ ಹಿಡಿದಿದ್ದೆ: ಬೆಳಕು ಇಳಿಯಿತೋ, ಹರಾಜು ಮುಗಿಯಿತೆಂದು ಗಂಟೆ ಬಾರಿಸುವುದು. ಎಷ್ಟೇ ರಾಶಿ ಉಳಿದಿರಲಿ, ನಾಳೆ ಬೆಳಿಗ್ಗೆ. ಮಬ್ಬಿನಲ್ಲಿ ಮಾಲು ತೋರಿಸುವುದು ಮೋಸಕ್ಕೆ ಸಮ. ದಲಾಲರು ಬೈದರು, ನಾನು ಬಿಡಲಿಲ್ಲ.

ಈ ಗೋವರ್ಧನ ಎಂಬುವನು ಚೀಲದ ಬಾಯಲ್ಲಿ ಏನಿಟ್ಟಿದ್ದಾನೆ, ಬರೆ.

ಯುವರ್ಸ್ ಮೋಸ್ಟ್ ಒಬೀಡಿಯೆಂಟ್ ಫಾದರ್,
ತಿಪ್ಪೇರುದ್ರಪ್ಪ


ಬಳ್ಳಾರಿ
24 ಫೆಬ್ರವರಿ 2024

ಅಪ್ಪ,

ನೀನು ಕೇಳಿದ ಪ್ರಶ್ನೆಗೇ ಮೊದಲು ಉತ್ತರ. ಚೀಲದ ಬಾಯಲ್ಲಿ ಬೂಜೇ ಇಟ್ಟಿದ್ದಾರೆ.

ಎರಡು ವರ್ಷ ಆ ಆ್ಯಪ್‌ನಲ್ಲಿ ಇದ್ದೆ. ಎಲ್ಲ ಚಿನ್ನ ಅಂದ್ಕೋಬೇಡ. ಒಬ್ಬನಿಗೆ ಆಗಲೇ ಮದುವೆಯಾಗಿತ್ತು. ಇನ್ನೊಬ್ಬ ಹಾಕಿದ್ದು ತಮ್ಮನ ಫೋಟೋ. ಆದರೆ ಅವರನ್ನೆಲ್ಲ ಕಳಿಸೋಕೆ ನನಗೆ ಒಂದು ಬೆರಳು ಸಾಕಾಯ್ತು. ಯಾರಿಗೂ ಉಪ್ಪಿಟ್ಟು ಮಾಡಬೇಕಾಗಿ ಬರಲಿಲ್ಲ.

ಗೋವರ್ಧನ್ ಅವರಿಗೆ ತೊನ್ನು ಇದೆ. ಬಾಯಿಯ ಸುತ್ತ, ಕೈಮೇಲೆ. ಅಂಟೋ ರೋಗ ಅಲ್ಲ, ನಿನ್ನ ಮಗಳು ನರ್ಸು, ನಂಬು. ಅವರ ಮೊದಲ ಫೋಟೋನೇ ಅದು, ಬರೀ ಮುಖ, ಹತ್ತಿರದಿಂದ. ಕೆಳಗೆ ಬರೆದಿದ್ದರು: "ಮೊದಲು ಇದನ್ನು ನೋಡಿ. ಸರಿ ಅನಿಸಿದರೆ ಮಿಕ್ಕಿದ್ದು ಮಾತಾಡೋಣ." ನಾನು ತುಂಬಾ ಹೊತ್ತು ಆ ಫೋಟೋ ನೋಡ್ತಾ ಕೂತಿದ್ದೆ, ಅಪ್ಪ.

ಮೊಳಕಾಲ್ಮೂರಲ್ಲಿ ಸ್ವಂತ ಮಗ್ಗ, ರೇಷ್ಮೆ ಸೀರೆ ನೇಯ್ತಾರೆ. ಮನೇಲಿ ಅವರವ್ವ ತೆಲುಗು ಮಾತಾಡ್ತಾರೆ. ಜಾತಿ ಬೇರೆ. ಏಳು ತಿಂಗಳು ಬರೀ ಬರೆದುಕೊಂಡೇ ಇದ್ವಿ, ನೀನು ಈಗ ನನಗೆ ಬರೀತೀಯಲ್ಲ ಹಾಗೆ. ಆಮೇಲೆ ನಮ್ಮ ಆಸ್ಪತ್ರೆ ಕ್ಯಾಂಟೀನಿನಲ್ಲಿ ಭೇಟಿ. ಮದುವೆ ಆದರೆ ಅವರನ್ನೇ ಆಗೋದು.

ಒಂದೇ ಒಂದು ಕೇಳ್ತೀನಿ. ವಿಚಾರಿಸೋಕೆ ಅಂತ ಹೋಗಬೇಡ. ಯಾರನ್ನೂ ಕಳಿಸಬೇಡ. ನಾನೇ ಕರ್ಕೊಂಡು ಬರ್ತೀನಿ. ಆ ಚೀಲಕ್ಕೆ ಮಾತ್ರ ನೀನು ಕೈ ಹಾಕಬೇಡ.

ಬಿ.ಪಿ. ಮಾತ್ರೆ ತಪ್ಪಿಸಬೇಡ.

ನಿರ್ಮಲಾ


ಚಳ್ಳಕೆರೆ
5 ಏಪ್ರಿಲ್ 2024

ನಿರ್ಮಲಾ,

ಈ ಕಾಗದವನ್ನು ಡ್ಯೂಟಿ ಮುಗಿಸಿ ಊಟ ಮಾಡಿದ ಮೇಲೆ ಓದು.

ಜಾತಿ ಬೇರೆ ಎಂದು ಓದಿ ಒಂದಿಡೀ ದಿನ ಮನಸ್ಸು ಒಪ್ಪಲಿಲ್ಲ, ಸುಳ್ಳು ಹೇಳುವುದಿಲ್ಲ. ಮಾರನೆಯ ದಿನ ಯೋಚಿಸಿದೆ: ಆ ಹನ್ನೊಂದು ಜನವೂ ನಮ್ಮವರೇ ಅಲ್ಲವೇ. ಅಲ್ಲಿಗೆ ಆ ವಿಷಯ ಮುಗಿಯಿತು. ಆದರೆ ಆ ಮೊದಲ ಫೋಟೋ ಮುಗಿಯಲಿಲ್ಲ. ಮೂವತ್ತೊಂದು ವರ್ಷದಲ್ಲಿ ಬೂಜು ಹಿಡಿದ ಕಾಯನ್ನು ಮೇಲಿಟ್ಟು ಚೀಲ ತಂದವನನ್ನು ನಾನು ಕಂಡಿಲ್ಲ. ಅಂಥವನನ್ನು ಒಂದು ಸಲ ನೋಡಬೇಕು ಅನ್ನಿಸಿತು. ನೋಡದೆ ಇರಲು ಆಗಲಿಲ್ಲ. ಐ ಆ್ಯಮ್ ಟು ಇನ್ಫಾರ್ಮ್ ಯು ದಟ್ ಹೋದ ಭಾನುವಾರ ನಾನೂ ಬೋರಣ್ಣನೂ ಮೊಳಕಾಲ್ಮೂರಿಗೆ ಹೋಗಿದ್ದೆವು.

ಸೀರೆ ಕೊಳ್ಳುವವರ ಹಾಗೆ ಹೋದೆವು. ಹೆಸರು ಕೃಷ್ಣಮೂರ್ತಿ, ಊರು ಹಿರಿಯೂರು ಎಂದೆ. ಒಂದು ಸಲ ಸುಳ್ಳು ಹೇಳಿದ ಮೇಲೆ ಅದು ತಾನಾಗಿ ಬೆಳೆಯಿತು.

ನೆಲದಲ್ಲಿ ಗುಂಡಿ ತೋಡಿ ಕೂರಿಸಿದ ಮಗ್ಗ. ಅದರ ಸದ್ದಿಗೆ ನನಗೆ ಏನೂ ಕೇಳುತ್ತಿರಲಿಲ್ಲ. ಅವನು ನಮ್ಮನ್ನು ನೋಡಿದವನೇ ಕೆಲಸ ನಿಲ್ಲಿಸಿ ಎದ್ದು ಬಂದ. ಅವರವ್ವ "ಕೂರ್ಚೋಂಡಿ, ಕೂರ್ಚೋಂಡಿ" ಎನ್ನುತ್ತ ಚಾಪೆ ಹಾಸಿದರು. ನಾನು ಸೀರೆ ನೋಡುವುದು ಬಿಟ್ಟು ಅವನ ಕೈ ನೋಡುತ್ತಿದ್ದೆ. ಬಿಳಿ ಬೆರಳಿನ ಮೇಲೆ ಕೆಂಪು ಎಳೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಅಂತೀಯ! ಅಷ್ಟರಲ್ಲಿ ಬೋರಣ್ಣ, ಆ ಮೂರ್ಖ, ಕೇಳಿಯೇಬಿಟ್ಟ: "ಮೈಮ್ಯಾಲೂ ಐತೇನ್ರೀ ಇದು?"

ನಾನು ಅವನ ಕಾಲು ತುಳಿದೆ. ತಡವಾಗಿತ್ತು.

ಗೋವರ್ಧನ ನಕ್ಕ. "ಐತ್ರೀ. ತೋಳಿನ ಮಟ ಐತೆ, ಬೆನ್ನಾಗೂ ಐತೆ. ಸೀರೆಗೆ ಹತ್ತಲ್ಲ ಬಿಡ್ರೀ."

ಆಮೇಲೆ ನಾನು ಕೈಗೆತ್ತಿಕೊಂಡಿದ್ದ ಸೀರೆಯನ್ನು ಮೆಲ್ಲಗೆ ತೆಗೆದುಕೊಂಡ. "ಒಳಗೆ ನೋಡಬ್ಯಾಡ್ರೀ. ಬಿಸಿಲಾಗೆ ನೋಡ್ರೀ, ಬರ್ರೀ" ಎಂದು ಅಂಗಳಕ್ಕೆ ಕರೆದುಕೊಂಡು ಹೋಗಿ ನೆತ್ತಿಯ ಬಿಸಿಲಿಗೆ ಹಿಡಿದ. ಸೆರಗಿನ ಹತ್ತಿರ ನನ್ನ ಬೆರಳನ್ನು ತಾನೇ ಹಿಡಿದು ಸವರಿಸಿದ. "ಇಲ್ಲಿ ಒಂದೆಳೆ ತುಂಡಾಗಿತ್ತು, ಗಂಟು ಹಾಕೀನಿ. ಕಣ್ಣಿಗೆ ಬೀಳಲ್ಲ, ಕೈಗೆ ಸಿಗ್ತೈತೆ. ತಗಳ್ಳೋರಿಗೆ ಹೇಳಿಬಿಡಬೇಕು." ಯಾರಿಗೆ ಸೀರೆ ಎಂದು ಕೇಳಿದ. ಮಗಳಿಗೆ ಎಂದೆ. ಮಗಳು ಏನು ಮಾಡುತ್ತಾರೆ ಎಂದ. ಟೀಚರ್ ಎಂದೆ. ಅವನು ತಲೆ ಬಗ್ಗಿಸಿ ಸೀರೆ ಮಡಿಚತೊಡಗಿದ. ಟೀ ಬಂತು. ಅವನು ನನ್ನ ಎಡಗಡೆ ಇದ್ದ ಸ್ಟೂಲನ್ನು ಎತ್ತಿ ತಂದು ಬಲಗಡೆ ಇಟ್ಟು ಕೂತ. ಟೀ ಮುಗಿಯುವವರೆಗೆ ಮಗ್ಗದ ವಿಷಯ ಹೇಳಿದ. ಎಲ್ಲ ಕೇಳಿಸಿತು.

ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ನನಗೆ ಹೊಳೆಯಿತು. ಕೇಳದೆಯೇ ನನ್ನ ಬಲಕ್ಕೆ ಬಂದು ಕೂರುತ್ತಿದ್ದವಳು ಲೋಕದಲ್ಲಿ ನಿಮ್ಮವ್ವ ಒಬ್ಬಳೇ.

ನಿನಗೆ ಎಂದೂ ಹೇಳಿಲ್ಲ. ನಮ್ಮ ಮದುವೆ ಮಾತುಕತೆಯ ದಿನ ದಲ್ಲಾಳಿ ಜುಂಜಪ್ಪ ನನ್ನ ಎಡಗಿವಿ ಗೋಡೆಗೆ ಬರುವ ಹಾಗೆ ಕೂರಿಸಿದ್ದ. ಹೆಣ್ಣಿನವರಿಗೆ ಗೊತ್ತಾಗಬಾರದಲ್ಲ. ನಿಮ್ಮವ್ವ ಹೊನ್ನಕ್ಕನಿಗೆ ಮದುವೆಯಾದ ಮೂರನೇ ದಿನ ತಿಳಿಯಿತು. ಏನೂ ಅನ್ನಲಿಲ್ಲ. ಅವತ್ತಿನಿಂದ ಸಾಯುವವರೆಗೆ ನನ್ನ ಬಲಕ್ಕೆ ನಡೆದಳು, ಮೂವತ್ತಾರು ವರ್ಷ. ನಾನೂ ಏನೂ ಅನ್ನಲಿಲ್ಲ. ತಪ್ಪಾಯಿತು ಎಂದು ಒಂದು ಸಲ ಅನ್ನಬಹುದಿತ್ತು.

ಸೀರೆ ತಂದಿದ್ದೇನೆ. ಹುಡುಗ ಅಪರಂಜಿ. ನನಗೆ ಪೂರ್ಣ ಒಪ್ಪಿಗೆ. ನೀನು ಅವನಿಗೆ ನನ್ನ ಕಿವಿಯ ವಿಷಯ ಹೇಳಿದ್ದೆಯಾ?

ವಿತ್ ಬೆಸ್ಟ್ ಕಾಂಪ್ಲಿಮೆಂಟ್ಸ್,
ನಿಮ್ಮಪ್ಪ


ಚಳ್ಳಕೆರೆ
20 ಜೂನ್ 2024

ರಿಮೈಂಡರ್ ನಂಬರ್ ಒನ್.

ವಿತ್ ರೆಫರೆನ್ಸ್ ಟು ಮೈ ಲೆಟರ್ ಡೇಟೆಡ್ ಏಪ್ರಿಲ್ ಐದು. ಎರಡೂವರೆ ತಿಂಗಳಾಯಿತು. ಪೋಸ್ಟ್‌ಮ್ಯಾನ್ ಈಗ ನಮ್ಮ ಬಾಗಿಲ ಹತ್ತಿರ ಸೈಕಲ್ಲು ನಿಧಾನ ಮಾಡುವುದನ್ನೂ ಬಿಟ್ಟಿದ್ದಾನೆ, ದೂರದಿಂದಲೇ ತಲೆಯಾಡಿಸಿ ಹೋಗುತ್ತಾನೆ. ಮಾತ್ರೆ ತಗೊಂಡ್ಯಾ ಎಂದು ವಾರಕ್ಕೊಮ್ಮೆ ಮೊಬೈಲಿಗೆ ಬರುತ್ತದೆ. ಅದು ನರ್ಸಿನದು, ಮಗಳದಲ್ಲ. ಯುಗಾದಿಗೆ ಬರುತ್ತೀಯೆಂದು ಬಸ್‌ಸ್ಟ್ಯಾಂಡಿಗೆ ಹೋಗಿ ಮೂರು ಬಳ್ಳಾರಿ ಬಸ್ಸು ನೋಡಿದೆ. ಬೋರಣ್ಣ "ನನ್ನ ಬಾಯಿಂದ ಆದದ್ದು, ನಾನೇ ಹೋಗಿ ಕೂಸಿನ ಕಾಲಿಗೆ ಬೀಳ್ತೀನಿ" ಎನ್ನುತ್ತಾನೆ. ಬಾಯಿ ಅವನದು, ಕರೆದುಕೊಂಡು ಹೋದವನು ನಾನು ಎಂದೆ.

ಬೈದಾದರೂ ಬರೆ.

ಅಪ್ಪ


ಬಳ್ಳಾರಿ
3 ಜುಲೈ 2024

ಅಪ್ಪ,

ಬೈಯೋಕೇ ಬರೀತಿದೀನಿ.

ನಿನ್ನ ಏಪ್ರಿಲ್ ಕಾಗದವನ್ನ ಗೋವರ್ಧನ್ ಅವರಿಗೆ ಓದಿ ಹೇಳಿದೆ. ನೀನು ಹೊಸಿಲು ದಾಟಿದ ಕೂಡಲೇ ಅವರಿಗೆ ಗುರುತು ಸಿಕ್ಕಿತ್ತಂತೆ. ನಿನ್ನ ಫೋಟೋ ನಾನೇ ಯಾವತ್ತೋ ಕಳಿಸಿದ್ದೆ, ಕಿವಿ ವಿಷಯನೂ ಹೇಳಿದ್ದೆ. ಆದರೆ ನೀನು ಬಂದು ಹೋದದ್ದನ್ನ ನನಗೆ ಹೇಳಿರಲಿಲ್ಲ. ಯಾಕೆ ಅಂದೆ. "ಅದನ್ನ ನಿಮ್ಮಪ್ಪನೇ ಹೇಳ್ಬೇಕಾದ್ದು. ಹೇಳ್ತಾರೆ ಅಂತ ಗೊತ್ತಿತ್ತು" ಅಂದ್ರು.

ನೀನು ಗೊತ್ತಿಲ್ಲದೆ ಮಾಡಿದ್ದು ಇನ್ನೊಂದಿದೆ. ಎರಡು ವರ್ಷದ ಹಿಂದೆ ಅವರಿಗೊಂದು ಸಂಬಂಧ ಬಂದಿತ್ತು, ದಲ್ಲಾಳಿ ಮುಖಾಂತರ. ಹೆಣ್ಣಿನ ಕಡೆಯಿಂದ ಇಬ್ಬರು ಸೀರೆ ಕೊಳ್ಳೋರ ಹಾಗೆ ಬಂದು, ತೋಳು ಮಡಿಚಿಸಿ ಎಲ್ಲೀವರೆಗೆ ಬಿಳುಪಿದೆ ಅಂತ ನೋಡಿಕೊಂಡು ಹೋಗಿದ್ದರು. ಅದಾದ ಮೇಲೇ ಅವರು ಆ ಫೋಟೋ ತೆಗೆಸಿ ಆ್ಯಪ್‌ಗೆ ಹಾಕಿದ್ದು. ಇನ್ನು ಯಾರೂ ಕದ್ದು ನೋಡೋ ಹಾಗಿರಬಾರದು ಅಂತ. ಬೋರಣ್ಣ ಮಾವ ಬಾಯಿ ಬಿಟ್ಟಾಗ ಅವರಿಗೆ ಹೇಗಾಗಿರಬೇಕು ಯೋಚನೆ ಮಾಡು. ಅವರು ಕೋಪ ಮಾಡ್ಕೊಂಡಿಲ್ಲ. ಕೋಪ ನನ್ನದು.

ಬರೀತಾ ಇದೀನಿ, ಪೂರ್ತಿ ಬರೆದುಬಿಡ್ತೀನಿ. ಬೆಳಕು ಇಳಿದ ಮೇಲೆ ಹರಾಜು ನಡೆಸಲಿಲ್ಲ ಅಂತ ಹೆಮ್ಮೆಯಿಂದ ಬರೆದಿದ್ದೆಯಲ್ಲ. ನನ್ನನ್ನ ನೋಡೋಕೆ ಬರೋರನ್ನ ಪ್ರತಿ ಸಲ ಸಂಜೆ ಆರೂವರೆಗೇ ಯಾಕಪ್ಪ ಕರೀತಿದ್ದೆ? ಗೋಧೂಳಿ ಒಳ್ಳೇದು ಅಂತಿದ್ದೆ. ಕಿಟಕಿ ಪರದೆ ಎಳೆದು, ನನ್ನ ಕುರ್ಚಿನ ಮೂಲೆಗೆ ಹಾಕ್ತಿದ್ದೆ. ನಾನು ಕಪ್ಪು ಅಂತ ನನಗೆ ಗೊತ್ತಿತ್ತು. ನೀನೂ ಅದನ್ನ ಮುಚ್ಚಬೇಕು ಅಂದ್ಕೊಂಡಿದೀಯ ಅಂತ ಗೊತ್ತಾಗಿದ್ದು ಅಲ್ಲಿ, ಆ ಕುರ್ಚಿಲಿ.

ಆ್ಯಪ್‌ನಲ್ಲಿ ನನ್ನ ಮೊದಲ ಫೋಟೋ ಯಾವುದು ಗೊತ್ತಾ? ಆಸ್ಪತ್ರೆ ಮಹಡಿ ಮೇಲೆ, ಒಗೆದ ಬಟ್ಟೆಗಳ ಮಧ್ಯೆ, ಮಧ್ಯಾಹ್ನ ಒಂದು ಗಂಟೆ ಬಿಸಿಲಲ್ಲಿ ತೆಗೆದದ್ದು.

ಜುಲೈ 28 ಭಾನುವಾರ ನನಗೆ ರಜಾ. ಅವರೂ ಮಗ್ಗ ಬಿಟ್ಟು ಬರಬಹುದು. ನೀನು ಏನು ಬರೀತೀಯೋ ನೋಡಿ ಬಸ್ ಹತ್ತೋದಾ ಬಿಡೋದಾ ತೀರ್ಮಾನ ಮಾಡ್ತೀನಿ.

ನಿರ್ಮಲಾ


ಚಳ್ಳಕೆರೆ
14 ಜುಲೈ 2024

ನಿರ್ಮಲಾ,

ಒಂಬತ್ತು ದಿನ ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಇವತ್ತು ಊಟ ಮುಗಿಸಿ ಬರೆಯಲು ಕೂತೆ. ಮೂರು ಹಾಳೆ ಹರಿದೆ. ಮೂರರಲ್ಲೂ ನಾನೇ ಸರಿ ಎಂದು ಎಲ್ಲೋ ಒಂದು ಕಡೆ ನುಸುಳಿಕೊಂಡಿತ್ತು.

ನೀನು ಹೇಳಿದ್ದು ನಿಜ. ನಾನು ಬೇಕೆಂದೇ ಮಾಡಿದೆ. ನಿಮ್ಮವ್ವ ಪ್ರತಿ ಸಲ ಟ್ಯೂಬ್‌ಲೈಟ್ ಹಾಕುತ್ತಿದ್ದಳು, ನಾನು ಹಿಂದಿನಿಂದ ಹೋಗಿ ಆರಿಸುತ್ತಿದ್ದೆ. ನಾಲ್ಕನೆಯ ಸಲವೋ ಐದನೆಯ ಸಲವೋ, ಅವರೆಲ್ಲ ಎದ್ದು ಹೋದ ಮೇಲೆ, "ಅದು ಶೇಂಗಾ ಅಲ್ಲ, ನಮ್ಮ ಕೂಸು" ಅಂದಳು. ನನಗೆ ಕೇಳಲಿಲ್ಲ ಎಂಬ ಹಾಗೆ ಎಡಗಿವಿ ಅವಳ ಕಡೆ ತಿರುಗಿಸಿದೆ. ಆ ಕಿವಿ ನನಗೆ ಹೀಗೆ ಬಹಳ ಸಲ ಉಪಯೋಗಕ್ಕೆ ಬಂದಿದೆ.

ಯಾರ್ಡಿನಲ್ಲಿ ಪರರ ಮಾಲಿಗೆ ಇದ್ದ ನ್ಯಾಯವನ್ನು ಮನೆಯಲ್ಲಿ ಮಗಳಿಗೆ ಕೊಡಲಿಲ್ಲ. ತಪ್ಪಾಯಿತು, ನಿರ್ಮಲಾ. ನಿಮ್ಮವ್ವನಿಗೆ ಹೇಳದೆ ಉಳಿದದ್ದನ್ನು ನಿನಗೆ ಹೇಳದೆ ಉಳಿಸಿಕೊಳ್ಳುವುದಿಲ್ಲ.

ಜನ ಆ ಆ್ಯಪನ್ನು ಏನಾದರೂ ಅನ್ನಲಿ. ಪಾರ್ಕಿನ ಬೆಂಚಿನಲ್ಲಿ ಕೂರುವ ನನ್ನ ವಯಸ್ಸಿನವರೆಲ್ಲ ಕೆಟ್ಟುಹೋಯಿತು ಕಾಲ ಎನ್ನುತ್ತಾರೆ. ನಿನ್ನೆ ತಡೆಯಲಾರದೆ ಹೇಳಿದೆ: "ನನ್ನ ಮಗಳು ತನ್ನನ್ನ ತಾನೇ ಬಿಸಿಲಾಗೆ ನಿಲ್ಲಿಸಿ ತೋರ್ಸಿದ್ಲು. ಆ ಹುಡುಗ ತನ್ನ ತೊನ್ನನ್ನ ತಾನೇ ಮುಂದಿಟ್ಟ. ನಾವು ಅರವತ್ತು ವರ್ಷದಾಗೆ ಯಾವಾಗ್ಲಾದ್ರೂ ಮಾಡೀವೇನ್ರಲೇ ಇದನ್ನ?" ಬೆಂಚಿನ ತುದಿಯಲ್ಲಿದ್ದ ಹನುಮಣ್ಣ ಮೆಲ್ಲಗೆ, "ಅದರಾಗೆ ವಿಧುರರಿಗೂ ಜಾಗ ಐತೇನೋ ಕೇಳಲೇ" ಅಂದ. ಅವನಿಗೆ ಎಪ್ಪತ್ತೊಂದು.

ಗೋವರ್ಧನನಿಗೆ ಇದನ್ನು ಓದಿ ಹೇಳು. ಅವನು ಹಾಕಿದ ಹಾಗೆ ನಾನೂ ಮೊದಲ ಫೋಟೋ ಹಾಕುತ್ತಿದ್ದೇನೆ. ಹೆಸರು ಕೃಷ್ಣಮೂರ್ತಿ ಅಲ್ಲ, ತಿಪ್ಪೇರುದ್ರಪ್ಪ. ಎಡಗಿವಿ ಒಂಬತ್ತನೇ ವಯಸ್ಸಿನ ಜ್ವರದಲ್ಲಿ ಹೋಯಿತು, ಅದನ್ನು ಮುಚ್ಚಿಟ್ಟು ಮದುವೆಯಾದೆ. ಮಾತು ಶುರು ಮಾಡಿದರೆ ನಿಲ್ಲಿಸುವುದಿಲ್ಲ. ಇಂಗ್ಲಿಷು ಅರ್ಧ, ಆದರೂ ಬಿಡುವುದಿಲ್ಲ. ಮಗಳನ್ನು ಹನ್ನೊಂದು ಸಲ ಮಬ್ಬಿನಲ್ಲಿ ಕೂರಿಸಿದೆ. ನಿನ್ನ ಮನೆಗೆ ಸುಳ್ಳು ಹೆಸರಿನಲ್ಲಿ ಬಂದು, ನಿನ್ನ ಟೀ ಕುಡಿದು, ನಿನ್ನ ಮೈಯ ವಿಷಯ ಕೇಳಲು ಬಿಟ್ಟು ಸುಮ್ಮನೆ ಕೂತೆ. ಇದನ್ನೆಲ್ಲ ನೋಡಿ. ಸರಿ ಅನಿಸಿದರೆ ಮಿಕ್ಕಿದ್ದು ಮಾತಾಡೋಣ.

ಆಷಾಢದಲ್ಲಿ ಇಂಥ ಶಾಸ್ತ್ರ ಬೇಡ ಅಂದ ಬೋರಣ್ಣ. ಇದು ಹೆಣ್ಣು ನೋಡುವ ಶಾಸ್ತ್ರ ಅಲ್ಲಪ್ಪ, ಮಾವನನ್ನು ನೋಡುವ ಶಾಸ್ತ್ರ, ಇದಕ್ಕೆ ಪಂಚಾಂಗದಲ್ಲಿ ಜಾಗವೇ ಇಲ್ಲ ಅಂದೆ. ಈ ಸಲ ಉಪ್ಪಿಟ್ಟು ನಾನೇ ಮಾಡುತ್ತೇನೆ. ತಳ ಹಿಡಿದರೆ ಹಿಡಿದದ್ದನ್ನೇ ಬಡಿಸುತ್ತೇನೆ. ನೀವಿಬ್ಬರೂ ಕೂತು ಏನು ಬೇಕಾದರೂ ಕೇಳಿ. ಬೇಡ ಅನ್ನಿಸಿದರೆ ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಎದ್ದು ಹೋಗಿ. ಅದು ಹೇಗಿರುತ್ತದೆಂದು ನನಗೂ ಒಂದು ಸಲ ಗೊತ್ತಾಗಲಿ.

ಪರದೆ ಬಿಚ್ಚಿ ಒಗೆಯಲು ಹಾಕಿದೆ, ಮತ್ತೆ ಕಟ್ಟುವುದಿಲ್ಲ. ಮೂಲೆಯಲ್ಲಿದ್ದ ನಿನ್ನ ಕುರ್ಚಿಯನ್ನು ಎಳೆದು ತಂದು ಕಿಟಕಿಯ ಕೆಳಗೆ ಹಾಕಿಕೊಂಡಿದ್ದೇನೆ. ಇದನ್ನು ಅದರಲ್ಲೇ ಕೂತು ಬರೆಯುತ್ತಿರುವುದು. ಇಷ್ಟು ಹೊತ್ತು ಒಳ್ಳೆಯ ಬೆಳಕಿತ್ತು. ಹನ್ನೆರಡು ಗಂಟೆಗೆ ಬನ್ನಿ, ಮನೆಯೊಳಗೆ ಎಲ್ಲಕ್ಕಿಂತ ಹೆಚ್ಚು ಬೆಳಕಿರುವ ಹೊತ್ತು ಅದೇ, ನೋಡಿದ್ದೇನೆ. ಸೀರೆಯ ಆ ಗಂಟು ಕೈಗೆ ಸಿಗುತ್ತದೆ, ನಾನು ದಿನಕ್ಕೊಂದು ಸಲ ಮುಟ್ಟಿ ನೋಡಿ ಇಡುತ್ತೇನೆ. ಅವನ ಸ್ಟೂಲು ಬಲಗಡೆ ಇಟ್ಟಿದ್ದೇನೆ. ನಿನ್ನದು ಎಲ್ಲಿ ಬೇಕೋ

ಅಕ್ಷರ ಕಾಣುತ್ತಿಲ್ಲ. ತಲೆ ಎತ್ತಿ ನೋಡಿದರೆ ಬೆಳಕು ಇಳಿಯುತ್ತಿದೆ. ದೀಪ ಹಾಕಬಹುದು, ಆದರೆ ಗಂಟೆ ಬಾರಿಸುವ ಹೊತ್ತು ಇದು. ಇಲ್ಲಿಗೆ ನಿಲ್ಲಿಸುತ್ತೇನೆ.

ಅಪ್ಪ